ಅರಸರ ಕಾರಿನ ಏದುಸಿರು

“ತೇಗನೂರು ಸಂಸ್ಥಾನದ ಪ್ರಜೆಗಳು ಕೇಳಿ. ಅರಸರ ಕಾರು ಕೆಟ್ಟಿದೆ. ಅದರ ಬಗ್ಗೆ ಮೂರು ಒಗಟುಗಳಿವೆ. ಬಿಡಿಸಿ ಕಾರು ಸರಿಮಾಡಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ತೆಗೆಯಲಾಗುವುದು. ಯಾರಿಂದಲೂ ಆಗದಿದ್ದರೆ ಶುಕ್ರವಾರ ಡ್ರೈವರ್ ಕರಿಯಣ್ಣನಿಗೆ ನೇಣು.”

ಪೆಟ್ರೋಲ್ ಕದ್ದು ಕಾರನ್ನು ಉಪವಾಸ ಕೆಡವಿದ್ದಾನೆ ಎಂಬುದು ಕರಿಯಣ್ಣನ ಮೇಲಿದ್ದ ಆರೋಪ. ಒಗಟೇಕೆ ಎನ್ನುವಿರೋ? ಯಾವುದನ್ನೂ ನೇರವಾಗಿ ಕೇಳಿ ಅರಸರಿಗೆ ಅಭ್ಯಾಸವಿರಲಿಲ್ಲ.

ಪಟ್ಟಣದ ಮೆಕ್ಯಾನಿಕ್ ಬಂದು ಪ್ಲಗ್ ಬದಲಿಸಿದ. ಕಾರು ನಡುಗುತ್ತಲೇ ಇತ್ತು. ತಲೆ ಹೋಯಿತು. ಆಸ್ಥಾನದ ಪಂಡಿತರೊಬ್ಬರು ಪೆಟ್ರೋಲಿಗೆ ನೀರು ಬೆರೆತಿದೆ ಎಂದರು. ಹೊಸ ಪೆಟ್ರೋಲ್ ತುಂಬಿಸಿದರು. ಕಾರು ನಡುಗಿತು. ಅವರ ತಲೆಯೂ ಹೋಯಿತು. ಅಷ್ಟು ಬೇಗ ಎರಡು ಜೀವ ಹೋದದ್ದನ್ನು ಕಂಡು ಊರಿಗೆ ಊರೇ ದಂಗಾಯಿತು.

ಗುರುವಾರ ಕರಿಯಣ್ಣನ ತಮ್ಮ ಚಿಕ್ಕೀರ ಬಂದ. ಸೈಕಲ್ಲಿಗೆ ಪಂಕ್ಚರ್ ಹಾಕುವವನು; ಕಾರಿನ ವಿಷಯ ಅಣ್ಣನ ಜೊತೆಗಿದ್ದು ಕಲಿತಿದ್ದ. ಕೈಯಲ್ಲಿ ಸೋಪಿನ ನೀರಿನ ಡಬ್ಬ ಬಿಟ್ಟರೆ ಬೇರೇನೂ ಇರಲಿಲ್ಲ.

ಅರಸರು ಕೇಳಿದರು: “ಬೆಂಕಿಯಲ್ಲೇ ಮನೆ ಮಾಡಿದೆ, ಆದರೂ ಮಸಿಯಿಲ್ಲ, ಸುಣ್ಣದ ಹಾಗೆ ಬಿಳುಚಿಕೊಂಡಿದೆ. ಏಕೆ?”

“ಕಿಡಿ ಹಾರಿಸೋ ಪ್ಲಗ್ಗು ಬುದ್ಧಿ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಕಾವು ಹೆಚ್ಚಾಗಿ ಬೆಳ್ಳಗಾಯ್ತದೆ.”

“ಮೂಗು ಮುಚ್ಚಿದರೆ ನೆಮ್ಮದಿ, ಬಿಟ್ಟರೆ ಏದುಸಿರು. ಏಕೆ?”

“ಚೋಕ್ ಎಳೆದ್ರೆ ಇಂಜಿನ್ನಿನ ಮೂಗು ಮುಚ್ಚಿ ಗಾಳಿ ಕಮ್ಮಿಯಾಯ್ತದೆ. ಆಗ ಅಳತೆ ಸರಿಹೋಯ್ತದೆ.”

“ಓಡುವಾಗ ತೆಪ್ಪಗಿರುತ್ತದೆ, ನಿಂತರೆ ನಡುಗುತ್ತದೆ. ಏಕೆ?”

“ಎಲ್ಲೋ ಕಳ್ಳತೂತು ಅದೆ ಬುದ್ಧಿ. ಓಡುವಾಗ ಇಂಜಿನ್ನು ಗಾಳೀನ ಗಟಗಟ ಕುಡೀತದೆ, ತೂತಿನ ಗಾಳಿ ಲೆಕ್ಕಕ್ಕಿಲ್ಲ. ನಿಂತಾಗ ಕುಡಿಯೋದೇ ಒಂದು ಗುಟುಕು, ಆಗ ಅದೇ ಹೆಚ್ಚಾಯ್ತದೆ.”

“ತೂತು ತೋರಿಸು.”

ಇಂಜಿನ್ ಶುರುಮಾಡಿಸಿ, ಅದಕ್ಕೆ ಗಾಳಿ ಹೋಗುವ ಕೊಳವೆಯ ಮೇಲೆ ಸೋಪಿನ ನೀರು ಹನಿಸುತ್ತ ಬಂದ. ಗುಳ್ಳೆ ಏಳಲಿಲ್ಲ. ಪಂಕ್ಚರಿನವನಿಗೆ ಗುಳ್ಳೆಯೇ ದೇವರು. ಮತ್ತೆ ಹನಿಸಿದ. ಒಂದೂ ಇಲ್ಲ. ತಲೆ ತೆಗೆಯಲು ನಿಂತಿದ್ದ ಕೊಡಲಿಯವನು ಎರಡು ಹೆಜ್ಜೆ ಮುಂದೆ ಬಂದ. ಚಿಕ್ಕೀರ ಪಕ್ಕಕ್ಕೆ ಸರಿಯುವಾಗ ಡಬ್ಬ ವಾಲಿ, ಕೊಳವೆಗೆ ಬಿಗಿದಿದ್ದ ಬಂಗಾರದ ಲಾಂಛನದ ಮೇಲೆ ನೀರು ಚೆಲ್ಲಿತು. ಚೆಲ್ಲಿದ ನೀರು ಅದರ ಅಂಚಿನಲ್ಲಿ ಸೊರ್ರನೆ ಒಳಗಿಳಿಯಿತು. ಕಾರಿನ ನಡುಕ ಒಂದು ಗಳಿಗೆ ನಿಂತಿತು.

“ಗಾಳಿ ಆಚೆಗೆ ಹೋಯ್ತಿಲ್ಲ ಬುದ್ಧಿ, ಒಳಕ್ಕೆ ಹೋಯ್ತಾ ಅದೆ. ಇದನ್ನ ಕೂರಿಸೋಕೆ ಯಾರೋ ತೂತು ಕೊರೆದವ್ರೆ.”

ಅರಸರ ಮುಖ ಬಿಳಿಚಿತು.

“ನಾನೇ,” ಎಂದರು. “ಆಯುಧಪೂಜೆಯ ದಿನ, ನನ್ನ ಕೈಯಾರೆ.”

ಎಲ್ಲರಿಗೂ ಸಿಡಿಲು ಬಡಿದಂತಾಯಿತು. ಚಿಕ್ಕೀರ ಲಾಂಛನ ಬಿಚ್ಚಿ, ತೂತಿಗೆ ಬಿರಡೆ ಜಡಿದ. ಕಾರು ನಡುಕ ಬಿಟ್ಟು, ನಿಂತಲ್ಲೇ ಹದವಾಗಿ ಗುನುಗತೊಡಗಿತು. ಕರಿಯಣ್ಣನ ಬೇಡಿ ಕಳಚಿದರು.

“ಏನು ಬೇಕು, ಕೇಳು,” ಎಂದರು ಅರಸರು.

“ತಲೆ ಹೋದ ಆ ಇಬ್ಬರ ಹೆಂಡ್ತೀರು ಹೊರಗೆ ನಿಂತವ್ರೆ. ತೂತು ಕೊರೆದೋರು ಯಾರು ಅಂತ ನೀವೇ ಹೋಗಿ ಹೇಳಿ ಬುದ್ಧಿ. ಅಷ್ಟು ಸಾಕು.”

ಕೊಟ್ಟ ಮಾತು, ತಪ್ಪುವಂತಿರಲಿಲ್ಲ. ಬಾಗಿಲಿಗೆ ಇದ್ದದ್ದು ಹತ್ತೇ ಹೆಜ್ಜೆ. ಅಷ್ಟು ನಡೆಯಲು ಅರಸರಿಗೆ ಬಹಳ ಹೊತ್ತು ಹಿಡಿಯಿತು.