ಒಂದು ಗೇಣು ಹಸಿರು ಪಟ್ಟಿ

ನೀಲವ್ವ ಮಠಕ್ಕೆ ಬಂದು ಗುರುಗಳನ್ನು ಕೇಳಿದಳು: “ಅಜ್ಜಾರೇ, ನನ್ನ ಸೊಸೆ ಯಾವುದಕ್ಕೂ ಒಲ್ಲೆ ಎನ್ನುವವಳಲ್ಲ. ಈ ಸಲ ಪಂಚಮಿಗೆ ತವರಿಗೆ ಹೋಗುವುದು ಬೇಡ, ಮನೆಯಲ್ಲಿ ಕೆಲಸವಿದೆ ಎಂದೆ. ಅದಕ್ಕೂ ಹೂಂ ಎಂದಳು. ಇಷ್ಟು ಒಳ್ಳೆಯ ಸೊಸೆ ಇದ್ದೂ ನಮ್ಮ ಮನೆಯಲ್ಲಿ ನಗುವಿಲ್ಲ. ಯಾಕೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಮೊದಲ ಮೊಮ್ಮಗಳ ತೊಟ್ಟಿಲಿಗೆ ಕೌದಿ ಹೊಲಿದಳು. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ, ಮೇಲೆ ಬಟ್ಟೆಯ ಗಿಳಿಗಳನ್ನು ಕೂರಿಸಿ, ನಾಲ್ಕು ಮೂಲೆಗಳನ್ನೂ ದುಂಡಗೆ ಕತ್ತರಿಸಿದಳು. ಸುತ್ತ ಅಂಚಿಗೆ ಪಟ್ಟಿ ಹೊಲಿಯುವುದೊಂದು ಉಳಿಯಿತು.

ನೇರವಾಗಿ ಕತ್ತರಿಸಿದ ಪಟ್ಟಿ ದುಂಡು ಮೂಲೆಯಲ್ಲಿ ಸುಕ್ಕುಗಟ್ಟುತ್ತದೆ. ಓರೆಯಾಗಿ ಕತ್ತರಿಸಿದ್ದು ಹಿಗ್ಗುತ್ತದೆ, ತಿರುಗಿಸಿದತ್ತ ತಿರುಗುತ್ತದೆ. ಅವಳಿಗೆ ಇದು ಗೊತ್ತಿತ್ತು. ಕೆಂಪು ಬಟ್ಟೆಯನ್ನು ಓರೆಯಾಗಿಯೇ ಕತ್ತರಿಸಿ, ತುಂಡುಗಳನ್ನು ಜೋಡಿಸಿ ಅಳೆದಳು. ಒಂದು ಗೇಣು ಸಾಲದಾಯಿತು. ಕೆಂಪು ಬಟ್ಟೆ ಮುಗಿದಿತ್ತು. ಹೇಗೂ ಹಿಗ್ಗುವ ಪಟ್ಟಿ ತಾನೆ ಎಂದು ಎಳೆದೆಳೆದು ಹೊಲಿದಳು. ಪಟ್ಟಿ ಸುತ್ತಿ ಬಂದು ಕೂಡಿತು.

ಹೆಸರಿಡುವ ದಿನ ಬೆಳಿಗ್ಗೆ ಕೌದಿಯನ್ನು ಹಾಸಿದಳು. ಎಳೆದು ಹೊಲಿದ ಪಟ್ಟಿ ಕುಗ್ಗಿ, ಅಂಚು ಸುತ್ತಲೂ ಮೇಲೆದ್ದು ನಿಂತಿತು. ಕೈಯಿಂದ ಒತ್ತಿದಳು. ರುಬ್ಬುಗುಂಡು ಹೇರಿದಳು. ಕೊನೆಗೆ ತಾನೇ ಮೇಲೆ ಕುಳಿತಳು. ಎದ್ದೊಡನೆ ಅದೂ ಎದ್ದಿತು.

ನೆರೆಯವಳು ಬಂದು ನೋಡಿದಳು. “ಯಕ್ಕಾ, ಇದು ಕೌದಿಯೋ, ರೊಟ್ಟಿ ಬುಟ್ಟಿಯೋ? ಕೂಸಿನ ಮೇಲೆ ಮುಚ್ಚಳವನ್ನೂ ಮುಚ್ಚುತ್ತೀಯೇನು?”

“ನಾನೇನು ಮಾಡಲಿ? ಎಳೆದಷ್ಟೂ ಬಂತಲ್ಲವ್ವ.”

“ಬರುತ್ತದೆ. ಅದಕ್ಕೇನು ಬಾಯಿ ಇದೆಯೇ, ಸಾಕು ಎನ್ನಲಿಕ್ಕೆ? ಬಿಚ್ಚು.”

ಸಂಜೆಗೆ ತೊಟ್ಟಿಲು ಕಟ್ಟಬೇಕು. ಅವಳು ಪಟ್ಟಿಯ ಹೊಲಿಗೆಯನ್ನೆಲ್ಲ ಬಿಚ್ಚಿದಳು. ತನ್ನ ಕುಪ್ಪಸಕ್ಕೆಂದು ಎತ್ತಿಟ್ಟಿದ್ದ ಹೊಸ ಹಸಿರು ಖಣವನ್ನು ಪೆಟ್ಟಿಗೆಯಿಂದ ತೆಗೆದಳು. ಓರೆಯಾಗಿ ಕತ್ತರಿ ಬಿದ್ದ ಖಣ ಮತ್ತೆ ಕುಪ್ಪಸಕ್ಕೆ ಬಾರದು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕುಳಿತಳು. ಆಮೇಲೆ ಕತ್ತರಿಸಿದಳು. ಕೆಂಪಿನ ನಡುವೆ ಒಂದು ಗೇಣು ಹಸಿರು ಸೇರಿಸಿ, ಈ ಸಲ ಎಳೆಯದೆ, ಪಟ್ಟಿ ತಾನಾಗಿ ಮಲಗಿದ ಹಾಗೆ ಹೊಲಿದಳು.

ಸಂಜೆ ಕೌದಿ ನೆಲಕ್ಕೆ ಅಂಟಿದಂತೆ ಹಾಸಿಕೊಂಡಿತು. ತೊಟ್ಟಿಲಲ್ಲಿ ಕೂಸು ಗಿಳಿಗಳ ಮೇಲೆ ಮಲಗಿ, ಕಾಲು ಝಾಡಿಸಿ, ಹೊಸ ಕೌದಿಯನ್ನು ಅಲ್ಲೇ ಒದ್ದೆ ಮಾಡಿತು. ಹೆಂಗಸರೆಲ್ಲ ನಕ್ಕರು. ಹಳೆಯ ಕುಪ್ಪಸ ತೊಟ್ಟ ಅಜ್ಜಿ ಎಲ್ಲರಿಗಿಂತ ಜೋರಾಗಿ ಜೋಗುಳ ಹಾಡಿದಳು.

ಕತೆ ಮುಗಿಯಿತು. ನೀಲವ್ವನೂ ನಕ್ಕಳು. “ಒಂದು ಗೇಣು ಪಟ್ಟಿಗೆ ಇಡೀ ಖಣ ಹೋಯಿತಲ್ಲ, ಅಜ್ಜಾರೇ.”

ಗುರುಗಳು ಕೇಳಿದರು: “ಪಂಚಮಿಗೆ ಇನ್ನೆಷ್ಟು ದಿನ ಇದೆ, ನೀಲವ್ವ?”