ಹಾಗಲಬಳ್ಳಿಯ ಸೆರಗು

ಶಿಷ್ಯ ಕೇಳಿದ: “ಗುರುಗಳೇ, ನಾನು ಕಷ್ಟಪಟ್ಟು ಕಟ್ಟಿದ ಮಾತುಗಳನ್ನು ಜೊತೆಯವನೊಬ್ಬ ತನ್ನವೆಂಬಂತೆ ಪ್ರವಚನದಲ್ಲಿ ಹೇಳಿಬಿಟ್ಟ. ಇನ್ನು ಮೇಲೆ ಬರೆದದ್ದನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡರೆ ಸರಿಯಲ್ಲವೇ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಸೀರೆಯ ಅಂಚಿಗೆ, ಸೆರಗಿಗೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು ಅವನ ಕಸುಬು. ಅದೇ ಓಣಿಯಲ್ಲಿ ಒಬ್ಬ ನೇಕಾರನಿದ್ದ. ನಕ್ಷೆಗಾರ ಬರೆದಂತೆ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟಿದರೆ, ಯಾವ ಎಳೆ ಏಳಬೇಕೆಂದು ಆ ತೂತುಗಳೇ ಮಗ್ಗಕ್ಕೆ ಹೇಳುತ್ತಿದ್ದವು; ನೇಕಾರ ನಕ್ಷೆಯನ್ನು ಸೀರೆಗೆ ಇಳಿಸುತ್ತಿದ್ದ. ಇಬ್ಬರೂ ಚಡ್ಡಿ ಹಾಕುವ ಕಾಲದಿಂದ ಗೆಳೆಯರು.

ಒಮ್ಮೆ ಪಕ್ಕದ ಊರಿನ ಸಂತೆಯಲ್ಲಿ ನಕ್ಷೆಗಾರ ತನ್ನ ಅಂಚನ್ನು ಬೇರೆಯವರು ನೇಯ್ದ ಸೀರೆಯ ಮೇಲೆ ಕಂಡ. ಬಣ್ಣ ಬೇರೆ, ನಕ್ಷೆ ತನ್ನದೇ. ಯಾರೋ ನನ್ನ ಕಂಪ್ಯೂಟರಿಗೆ ಕೈ ಹಾಕಿದ್ದಾರೆ ಎಂದುಕೊಂಡ. ಹಾಗೆಂದುಕೊಂಡ ಗಳಿಗೆಯಿಂದ ಉಂಡದ್ದು ಅವನ ಮೈಗೆ ಹತ್ತಲಿಲ್ಲ.

ಕಂಪ್ಯೂಟರಿನಲ್ಲಿ ಬರೆದದ್ದು ಡಿಸ್ಕಿನಲ್ಲಿ ಉಳಿಯುತ್ತದೆ. ಉಳಿದದ್ದನ್ನು ಯಾರಾದರೂ ತೆಗೆಯಬಹುದು. ಅದಕ್ಕೆ ಅವನು ಡಿಸ್ಕನ್ನೇ ಬಿಚ್ಚಿ ಹೊರಗಿಟ್ಟ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಒಂದು ಪೆನ್ ಡ್ರೈವಿಗೆ ತುಂಬಿಕೊಂಡ. ಬೆಳಿಗ್ಗೆ ಅದನ್ನು ಚುಚ್ಚಿದರೆ ಇಡೀ ಲಿನಕ್ಸ್ ಯಂತ್ರದ ಮೆಮೊರಿಗೆ ಏರಿ ಕೂರುತ್ತಿತ್ತು. ಆಮೇಲೆ ಪೆನ್ ಡ್ರೈವನ್ನು ಕಿತ್ತು ಉಡುದಾರಕ್ಕೆ ಕಟ್ಟಿಕೊಂಡರೂ ಯಂತ್ರ ನಡೆಯುತ್ತಿತ್ತು, ಮೊದಲಿಗಿಂತ ಚುರುಕಾಗಿಯೇ ನಡೆಯುತ್ತಿತ್ತು. ಆದರೆ ಆ ಮೆಮೊರಿಗೆ ಕರೆಂಟು ಇರುವವರೆಗೆ ಮಾತ್ರ ನೆನಪು. ಸ್ವಿಚ್ಚು ಆರಿಸಿದರೆ ದಿನವಿಡೀ ಮಾಡಿದ ಕೆಲಸದ ಗುರುತೂ ಉಳಿಯುವುದಿಲ್ಲ. ನಕ್ಷೆಗಾರನಿಗೆ ಹಿಡಿಸಿದ್ದೇ ಅದು. ಸಂಜೆ ನಕ್ಷೆಯನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳುತ್ತಿದ್ದ, ರಟ್ಟು ಹೊಡೆದಾದ ಮೇಲೆ ಅಲ್ಲಿಂದಲೂ ಅಳಿಸುತ್ತಿದ್ದ. ನೇಯ್ಗೆ ಮುಗಿದೊಡನೆ ಗೆಳೆಯನ ಮಗ್ಗದಿಂದ ರಟ್ಟುಗಳನ್ನು ವಾಪಸು ತಂದು ಒಲೆಗೆ ಹಾಕುತ್ತಿದ್ದ.

ನೇಕಾರ ಇದನ್ನು ನೋಡಿ ನಕ್ಕು ಸುಮ್ಮನಾದ. ಆ ನಗುವೂ ನಕ್ಷೆಗಾರನಿಗೆ ಸರಿಬೀಳಲಿಲ್ಲ.

ಇಷ್ಟೆಲ್ಲ ಮಾಡಿದರೂ ಮುಂದಿನ ಹಬ್ಬಕ್ಕೆ ಅವನ ಇನ್ನೊಂದು ಸೆರಗು ಬೇರೆ ಊರಿನ ಸೀರೆಯಲ್ಲಿ ಬಂತು. ಸ್ನಾನಕ್ಕೆ ಹೋಗುವಾಗ ಅವನು ಪೆನ್ ಡ್ರೈವನ್ನು ಬಿಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದ. ಹಾಗಾಗಿ ಮೊದಲು ಹೆಂಡತಿಯ ಮೇಲೆ ಅನುಮಾನ ಬಂತು. ಆಮೇಲೆ ಅವಳ ತಮ್ಮನ ಮೇಲೆ ಬಂತು. ಕೊನೆಗೆ ನೇಕಾರನ ಮೇಲೆ ಹೋಗಿ ಕೂತಿತು. ಕೇಳದೆ ಕೋಣೆಯೊಳಗೆ ಬಂದು ಕೂರುವವನು ಅವನೊಬ್ಬನೇ ಅಲ್ಲವೇ ಎಂದು ನಕ್ಷೆಗಾರ ತರ್ಕ ಮಾಡಿದ. ಅನುಮಾನಕ್ಕೆ ಯಾವಾಗಲೂ ಹತ್ತಿರದವರೇ ಬೇಕು. ದೂರದವರ ಮನೆಯ ತನಕ ನಡೆದು ಹೋಗುವ ಶ್ರಮ ಅದಕ್ಕೇಕೆ?

ಆ ಸಲ ಅವನು ಹಾಗಲಬಳ್ಳಿಯ ಸೆರಗೊಂದನ್ನು ಬರೆಯತೊಡಗಿದ. ಬಳ್ಳಿ ಸೆರಗಿನ ಬುಡದಿಂದ ತುದಿಯ ತನಕ ಹಬ್ಬಿತ್ತು, ಅದರ ಕುಡಿ ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಸುತ್ತಿಕೊಂಡಿತ್ತು. ಅಂಥದ್ದನ್ನು ಅವನ ಕೈ ಹಿಂದೆಂದೂ ಬರೆದಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಸಂತೋಷ ಪಡಬೇಕಾದವನು ಹೆದರಿದ. ಮುಗಿಯುವವರೆಗೆ ಇದನ್ನು ಪೆನ್ ಡ್ರೈವಿಗೂ ಇಳಿಸಬಾರದು, ಯಂತ್ರವನ್ನು ಆರಿಸಲೂ ಬಾರದು ಎಂದು ನಿಶ್ಚಯಿಸಿದ. ಕೋಣೆಗೆ ಒಳಗಿನಿಂದ ಅಗುಳಿ ಹಾಕಿಕೊಂಡ. ಕರೆಂಟು ಹೋದಾಗ ಕೈಹಿಡಿಯಬೇಕಾದ ಯುಪಿಎಸ್, ಬ್ಯಾಟರಿ ಸೊರಗಿ ಕೀಂ ಕೀಂ ಎಂದು ಅಳುತ್ತಿತ್ತು. ರಿಪೇರಿಯವನನ್ನು ಒಳಗೆ ಬಿಟ್ಟರೆ ಅವನ ಕಣ್ಣು ಪರದೆಯ ಮೇಲೆ ಬೀಳುತ್ತದಲ್ಲ! ಬ್ಯಾಟರಿ ಬದಲಿಸುವ ಬದಲು ಅದರ ಸದ್ದು ಬಂದ್ ಮಾಡಿದ.

ಅತ್ತ ನೇಕಾರ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿ ಈ ನಕ್ಷೆಗಾಗಿ ಕಾಯುತ್ತಿದ್ದ. ಮಗ್ಗ ನಿಂತರೆ ಅವನ ಮನೆಯ ಒಲೆ ತಣ್ಣಗಾಗುತ್ತಿತ್ತು. ಆದರೂ ಬೇರೆಯವರ ನಕ್ಷೆ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಅವನು ಓಡಿ ಬಂದು ಕೋಣೆಯ ಕದ ಬಡಿದ.

“ಲೇ, ಕದಾ ತೆಗಿ! ತಂತಿ ಕೆಲಸಕ್ಕ ಕರೆಂಟ್ ತಗೀತಾರಂತ, ಲೈನ್‌ಮನ್ ಈಗ ಹೇಳಿ ಹೋದ. ಏನ್ ಬರದಿದ್ರೂ ಲಗೂನ ಉಳಿಸ್ಕೋ.”

ಒಳಗಿನಿಂದ ನಕ್ಷೆಗಾರ ಕೇಳಿದ: “ನಾ ಉಳಿಸಿಲ್ಲಂತ ನಿನಗ ಯಾರು ಹೇಳಿದ್ರು?”

ನೇಕಾರ ಇನ್ನೂ ಜೋರಾಗಿ ಕದ ಬಡಿದ. ಅವನ ಅವಸರವನ್ನು ನಕ್ಷೆಗಾರ ಕಳ್ಳತನವೆಂದೇ ಓದಿಕೊಂಡ. ನಕ್ಷೆಯನ್ನು ಪೆನ್ ಡ್ರೈವಿಗೆ ಇಳಿಸುವಂತೆ ಮಾಡಿ ಆಮೇಲೆ ಅದನ್ನು ಕದಿಯುವುದು ಇವನ ಉಪಾಯ ಎಂದು ಯೋಚಿಸಿದ. ಉಡುದಾರದ ತನಕ ಹೋದ ಕೈ ಹಿಂದೆ ಬಂತು. ಅಷ್ಟರಲ್ಲಿ ಫ್ಯಾನು ನಿಂತಿತು, ಪರದೆ ಕಪ್ಪಾಯಿತು.

ಕರೆಂಟು ಬಂದ ಮೇಲೆ ಪೆನ್ ಡ್ರೈವ್ ಚುಚ್ಚಿದ. ಲಿನಕ್ಸ್ ಎಂದಿನಂತೆ ಏರಿ ಕೂತಿತು. ಹಾಗಲಬಳ್ಳಿ ಇರಲಿಲ್ಲ. ಕದ ತೆಗೆದು ನೋಡಿದರೆ ನೇಕಾರ ಇನ್ನೂ ಜಗುಲಿಯ ಮೇಲೆಯೇ ಕೂತಿದ್ದ. “ಕರೆಂಟ್ ತಗಸಿದಾಂವ ನೀನ!” ಎಂದು ನಕ್ಷೆಗಾರ ಕೂಗಾಡಿದ. ನೇಕಾರ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಸ್ವಲ್ಪ ದಿನದಲ್ಲೇ ಅವನ ಮಗ್ಗಕ್ಕೆ ಬೇರೊಬ್ಬನ ನಕ್ಷೆ ಏರಿತು.

ನಕ್ಷೆಗಾರ ಮತ್ತೆ ಹಾಗಲಬಳ್ಳಿ ಬರೆಯಲು ಕೂತ. ಎಲೆ ಬಂತು, ಹೂವು ಬಂತು. ಕುಡಿ ಮಾತ್ರ ಎಷ್ಟು ತಿದ್ದಿದರೂ ಸತ್ತ ಹುಳದ ಹಾಗೆ ಬಿದ್ದುಕೊಳ್ಳುತ್ತಿತ್ತು. ಕೊನೆಗೆ ಕೈಬಿಟ್ಟ. ಹೊಟ್ಟೆಪಾಡು ನಡೆಯಬೇಕಲ್ಲ, ಹಳೆಯ ನಕ್ಷೆಗಳನ್ನಾದರೂ ಹೊರತೆಗೆಯೋಣವೆಂದರೆ ಅವೂ ಇರಲಿಲ್ಲ. ತಾನೇ ಅಳಿಸಿದ್ದ, ತಾನೇ ಸುಟ್ಟಿದ್ದ. ವಿಧಿಯಿಲ್ಲದೆ ಪೇಟೆಯ ಬಟ್ಟೆ ಅಂಗಡಿಗೆ ಹೋದ. ತನ್ನ ನಕ್ಷೆಯ ಸೀರೆಯನ್ನು ಇಳಿಸಲು ಹೇಳಿ, ಸೆರಗು ಹಾಸಿ, ನಕ್ಷೆಯನ್ನು ಮತ್ತೆ ಬರೆದುಕೊಳ್ಳಲು ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ಎಣಿಸತೊಡಗಿದ.

ಅಂಗಡಿಯವನಿಗೆ ಇವನ ಗುರುತಿರಲಿಲ್ಲ. “ಎಣಸ್ರಿ, ಆರಾಮ ಕೂತು ಎಣಸ್ರಿ,” ಎಂದ. “ನಕ್ಷಿ ಬರ್ಯಾವ್ರೆಲ್ಲಾ ಇಲ್ಲೇ ಬಂದು ಎಣಿಸ್ಕೊಂಡು ಹೋಗ್ತಾರ. ಹೋಗೂಮುಂದ ಒಂದ್ ಸೀರಿ ತಗೊಂಡ್ರ ಆತು.”

ನಕ್ಷೆಗಾರ ತಲೆ ಎತ್ತಲಿಲ್ಲ. ಕೋಣೆಗೆ ಅಗುಳಿ ಹಾಕಿದ್ದ, ಯಂತ್ರದ ಡಿಸ್ಕು ಕಿತ್ತಿದ್ದ, ಕಟ್ಟಿಕೊಂಡವಳನ್ನೂ ಶಂಕಿಸಿದ್ದ. ಅಷ್ಟೂ ದಿನ ಅವನ ಸೀರೆಗಳು ಅಂಗಡಿಯ ಗಾಜಿನ ಹಿಂದೆ ದೀಪದ ಬೆಳಕಿನಲ್ಲಿ ನೇತಾಡುತ್ತಿದ್ದವು. ನಾಚಿಕೆಯಿಂದ ಅವನಿಗೆ ಅಳು ಬಂತು. ತಿರುಗಿ ಬರುವಾಗ ನೇಕಾರನ ಮನೆಯ ಮುಂದೆ ನಿಂತ. ಒಳಗೆ ಮಗ್ಗ ನಡೆಯುತ್ತಿತ್ತು. ಕದ ಬಡಿಯಲು ಅವನಿಗೆ ಮುಖವಿರಲಿಲ್ಲ.

ಅವನು ಅಂಗಡಿಯಿಂದ ಅಂಗಡಿಗೆ ಅಲೆದು, ಎಳೆ ಎಣಿಸಿ ಎಣಿಸಿ ತನ್ನ ಹಳೆಯ ನಕ್ಷೆಗಳನ್ನೆಲ್ಲ ಮರಳಿ ಪಡೆದ. ಒಂದೂ ತಪ್ಪಿಹೋಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆ ಹಾಗಲಬಳ್ಳಿ? ಅದು ಎಲ್ಲಿಯೂ ಸಿಗಲಿಲ್ಲವೇ?”

“ಅದನ್ನು ಯಾರೂ ನೇಯ್ದಿರಲಿಲ್ಲ, ಯಾರೂ ಕದ್ದಿರಲಿಲ್ಲವಲ್ಲಪ್ಪ, ಎಲ್ಲಿಂದ ಸಿಗಬೇಕು?” ಎಂದರು ಗುರುಗಳು.