ಗುರಿಕಾರ ಎಸೆದ ಮೂರು ಕಲ್ಲು

"ಗುರುಗಳೇ, ಒಳ್ಳೆಯದನ್ನೇ ಆರಿಸಿದ ಮೇಲೂ ಮನಸ್ಸು ಏಕೆ ಹೆದರುತ್ತದೆ?"

ಮುದ್ದಯ್ಯ ಈ ಪ್ರಶ್ನೆ ಕೇಳಿದಾಗ ಗುರುಗಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಮಠದ ಹಿಂದಿನ ಗೋಡೆಯನ್ನು ಹೊಳೆ ಕೊರೆಯತೊಡಗಿ ಎರಡು ವರ್ಷವಾಗಿತ್ತು. ಅರವತ್ತು ವಿದ್ಯಾರ್ಥಿಗಳನ್ನು ಬೇರೆ ಕಡೆಗೆ ಸಾಗಿಸಲೇಬೇಕಿತ್ತು. ಜಾಗ ನೋಡಿ ಬರಲು ಹಿರಿಯ ಶಿಷ್ಯನಾದ ಮುದ್ದಯ್ಯನನ್ನು ಕಳಿಸಿದ್ದರು. ಅವನು ಹೋಗಿ, ಒಂದು ಗುಡ್ಡವನ್ನು ಗೊತ್ತುಮಾಡಿ, ಬಂದು ಎಂಟು ದಿನವಾಗಿತ್ತು. ನೀರಿದೆ, ನೆರಳಿದೆ, ದಾರಿಯಿದೆ ಎಂದು ಎಲ್ಲರಿಗೂ ಹೇಳಿದ್ದ. ಅಲ್ಲಿ ಹಿಂದೆ ಏನಿತ್ತು ಎಂದು ಅಡುಗೆಯವರು ಕೇಳಿದಾಗ ಮಾತ್ರ ಬಾಯಾರಿಕೆ ಎಂದು ಎದ್ದು ಹೋಗಿದ್ದ. ಎಂಟು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

"ಕುಳಿತುಕೋ" ಎಂದರು ಗುರುಗಳು. "ನಾನು ಕಡಲನ್ನು ಕಂಡದ್ದು ಎರಡೇ ಸಲ. ಎರಡು ಸಲವೂ ದೋಣಿಯಲ್ಲಿ ವಾಂತಿ ಮಾಡಿಕೊಂಡೆ. ಆದರೂ ಕಡಲಿನ ಕತೆಯನ್ನೇ ಹೇಳುತ್ತೇನೆ. ತಪ್ಪಿದ್ದರೆ ಮೀನುಗಾರರು ಕ್ಷಮಿಸಲಿ."

ಹೀಗೆಂದು ಅವರು ಹೇಳಿದ ಕತೆ ಇದು.

ಹೊಳೆಯೊಂದು ಕಡಲನ್ನು ಸೇರುವ ಕಡೆ ಒಂದು ಮೀನುಗಾರರ ಊರಿತ್ತು. ನಲವತ್ತು ಮನೆ. ಮರಳಿನ ದಿಣ್ಣೆಯ ಮೇಲೆ ಕಟ್ಟಿದ ಊರು. ಪ್ರತಿ ಮಳೆಗಾಲದಲ್ಲೂ ಕಡಲು ಎರಡೋ ಮೂರೋ ಮನೆಗಳನ್ನು ಒಯ್ಯುತ್ತಿತ್ತು. ಒಂದು ವರ್ಷ ಏಳು ಮನೆಗಳನ್ನು ಒಯ್ದಿತು. ಇನ್ನು ಇಲ್ಲಿ ಇದ್ದರೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಒಳನಾಡಿನ ಜಮೀನಿಗೆಲ್ಲ ಒಡೆಯರಿದ್ದರು. ಒಡೆಯರಿಲ್ಲದ್ದು ಕಡಲಿನ ನಡುವಿನ ದ್ವೀಪಗಳು ಮಾತ್ರ. ಅಲ್ಲಿ ಜನರೂ ಇರಲಿಲ್ಲ.

ಆ ಊರಿಗೆ ಒಬ್ಬ ಗುರಿಕಾರನಿದ್ದ. ಊರಿನ ಹಿರಿಯನನ್ನು ಅವರು ಹಾಗೆ ಕರೆಯುತ್ತಿದ್ದರು. ದ್ವೀಪ ಆರಿಸುವ ಕೆಲಸ ಅವನ ತಲೆಗೆ ಬಂತು. ಮಳೆಗಾಲಕ್ಕೆ ಎರಡೇ ತಿಂಗಳು ಉಳಿದಿತ್ತು. ಅಷ್ಟರಲ್ಲಿ ಜಾಗ ಸಿಗಬೇಕು, ಮನೆ ಏಳಬೇಕು. ಇಲ್ಲದಿದ್ದರೆ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಅದೇ ದಿಣ್ಣೆಯ ಮೇಲೆ ಕಡಲಿಗಾಗಿ ಕಾಯಬೇಕು. ಗುರಿಕಾರ ಇಬ್ಬರು ಹುಟ್ಟು ಹಾಕುವವರನ್ನು ಕರೆದುಕೊಂಡು ಹೊರಟ. ಹೆಂಗಸರನ್ನು ಕರೆದೊಯ್ಯಲಿಲ್ಲ. ಜಾಗ ನೋಡುವ ದೋಣಿಗೆ ಹೆಂಗಸರನ್ನು ಹತ್ತಿಸುವ ರೂಢಿ ಅವರಲ್ಲಿ ಇರಲಿಲ್ಲ.

ಮೊದಲ ದ್ವೀಪದಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. ಎರಡನೆಯದರಲ್ಲಿ ಸಿಹಿನೀರು ಸಿಕ್ಕಿತು, ಆದರೆ ಸುತ್ತಲೂ ಬಂಡೆ. ದೋಣಿಯನ್ನು ದಡಕ್ಕೆ ಎಳೆಯಲು ಜಾಗವೇ ಇಲ್ಲ. ಮೂರನೆಯ ದ್ವೀಪಕ್ಕೆ ಬರುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು. ಗುರಿಕಾರನಿಗೆ ಊಟ ಸೇರುತ್ತಿರಲಿಲ್ಲ.

ಮೂರನೆಯದು ಒಳ್ಳೆಯ ದ್ವೀಪ. ಪಡುವಣಕ್ಕೆ, ತೆರೆದ ಕಡಲಿನ ಕಡೆಗೆ, ಒಂದು ಗುಡ್ಡ. ಮೂಡಣಕ್ಕೆ, ನೆಲನಾಡಿನ ಕಡೆಗೆ, ಬಯಲು. ಬಯಲಿನಲ್ಲಿ ತಾನಾಗಿ ಬೆಳೆದ ತೆಂಗಿನ ಮರಗಳು. ದೋಣಿ ಎಳೆಯಲು ಮೆತ್ತನೆಯ ಮರಳು. ಮಳೆಗಾಲದ ಗಾಳಿ ಬರುವುದು ಪಡುವಣದಿಂದ. ಆ ಗಾಳಿಗೆ ಗುಡ್ಡವೇ ಗೋಡೆ. ಗುರಿಕಾರ ಬಯಲಿನಲ್ಲಿ ಹೊಂಡ ತೋಡಿಸಿದ. ಕಡಲು ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ ಹೊಂಡದ ನೀರನ್ನು ಬಾಯಿಗೆ ಹಾಕಿ ನೋಡಿದ. ಎರಡು ಸಲವೂ ಸಿಹಿ. ಏಡಿಗಳ ಬಿಲ ಎಲ್ಲಿಯವರೆಗಿದೆ ಎಂದು ನೋಡಿದ. ಬಯಲಿನ ಅಂಚಿನಲ್ಲೇ ನಿಂತಿತ್ತು. ಕಡಲು ಅದಕ್ಕಿಂತ ಮೇಲೆ ಬರುವುದಿಲ್ಲ ಎಂದು ಅದರ ಅರ್ಥ. ಹುಟ್ಟು ಹಾಕುವವರಿಬ್ಬರೂ ಮರಳಿನ ಮೇಲೆ ಬಿದ್ದುಕೊಂಡು ನಕ್ಕರು. ಗುರಿಕಾರ ನಗಲಿಲ್ಲ. ಇಷ್ಟು ಒಳ್ಳೆಯ ಜಾಗ ಏಕೆ ಖಾಲಿ ಬಿದ್ದಿದೆ ಎಂಬುದು ಅವನ ತಲೆಯಲ್ಲಿ ಕೊರೆಯತೊಡಗಿತು.

ಅವನು ಒಬ್ಬನೇ ಗುಡ್ಡ ಹತ್ತಿದ. ಆಚೆಯ ಇಳಿಜಾರಿನಲ್ಲಿ, ಅರ್ಧ ಎತ್ತರದಲ್ಲಿ, ಒಂದು ಸಮತಟ್ಟಾದ ಜಾಗವಿತ್ತು. ಅಲ್ಲಿ ಒಂದು ಒಲೆ ಕಂಡಿತು. ಮೂರು ಕಲ್ಲಿನ ಒಲೆ. ಕಲ್ಲಿನ ಒಳಮೈ ಮಸಿ ಹಿಡಿದು ಕಪ್ಪಾಗಿತ್ತು. ನಡುವೆ ಹುಲ್ಲು ಬೆಳೆದಿತ್ತು. ಒಲೆಯ ಬಾಯಿ ತೆರೆದ ಕಡಲಿನ ಕಡೆಗಿತ್ತು. ಸುತ್ತ ಮನೆಯ ಗುರುತಿಲ್ಲ, ಗೋಡೆಯಿಲ್ಲ, ಮೂಳೆಯಿಲ್ಲ. ಒಲೆ ಮಾತ್ರ ಇತ್ತು.

ಗುರಿಕಾರ ಎರಡು ಹೆಜ್ಜೆ ಹಿಂದೆ ಸರಿದ. ಆರಿದ ಒಲೆ ಕಂಡ ಜಾಗದಲ್ಲಿ ನೆಲೆ ನಿಲ್ಲಬಾರದು ಎಂದು ಆ ಊರಿನ ಗಂಡಸರು ನಂಬಿದ್ದರು. ಇದು ಗೊತ್ತಾದರೆ ನಲವತ್ತು ಮನೆಯವರಲ್ಲಿ ಒಬ್ಬನೂ ದೋಣಿ ಹತ್ತುವುದಿಲ್ಲ. ನಾಲ್ಕನೆಯ ದ್ವೀಪ ಹುಡುಕಲು ದಿನಗಳಿಲ್ಲ. ಅವನು ಆ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಗುಡ್ಡದ ಅಂಚಿನಿಂದ ಕಡಲಿಗೆ ಎಸೆದ. ಕೈಗೆ ಹತ್ತಿದ ಮಸಿಯನ್ನು ಹುಲ್ಲಿಗೆ ಒರೆಸಿದ. ಇಲ್ಲಿಯವರೆಗೆ ಅವನು ಹೆದರಿದ್ದ, ಅಷ್ಟೆ. ಹೆದರುವುದು ತಪ್ಪಲ್ಲ, ಮುದ್ದಯ್ಯ. ನಲವತ್ತು ಮನೆಯ ಭಾರ ಹೊತ್ತವನು ಹೆದರದಿದ್ದರೆ ಅವನಿಗೆ ತಲೆ ಕೆಟ್ಟಿದೆ ಎಂದೇ ಅರ್ಥ.

ಕೆಳಗೆ ಬಂದಾಗ ಹುಟ್ಟು ಹಾಕುವವನೊಬ್ಬ ಕೇಳಿದ: "ಮೇಲೆ ಎಂತ ಉಂಟು?"

"ಎಂತ ಇಲ್ಲ. ಬರೀ ಕಲ್ಲು" ಎಂದ ಗುರಿಕಾರ.

ಊರಿಗೆ ಊರೇ ಹೊರಟು ಬಂತು. ಆ ಜನರಲ್ಲಿ ಒಂದು ಪದ್ಧತಿ ಇತ್ತು. ಹೊಸ ಜಾಗದಲ್ಲಿ ಒಲೆ ಹೂಡುವವಳು ಊರಿನ ಅತ್ಯಂತ ಹಿರಿಯ ಹೆಂಗಸು. ಅವಳು ಹೂಡಿದ ಒಲೆ ಯಾವ ಕಡೆಗೆ ಬಾಯಿ ಮಾಡುತ್ತದೆಯೋ ಉಳಿದವರೂ ಅದೇ ಕಡೆಗೆ ಹೂಡಬೇಕು. ಗಂಡಸರು ಒಲೆಯ ಕಲ್ಲು ಮುಟ್ಟುವಂತಿಲ್ಲ. ಆಗ ಆ ಊರಿನ ಹಿರಿಯ ಹೆಂಗಸೆಂದರೆ ಒಬ್ಬ ಸೂಲಗಿತ್ತಿ. ಗುರಿಕಾರನನ್ನು ಭೂಮಿಗೆ ತಂದವಳೂ ಅವಳೇ. ಬಯಲಿನಲ್ಲಿ ನಿಂತು ಅವಳು ಕೇಳಿದಳು: "ಮಗಾ, ಇಲ್ಲಿ ಮೊದ್ಲು ಯಾರಾದ್ರೂ ಒಲೆ ಹೂಡಿದ್ದು ಕಂಡಿದ್ಯಾ?"

ಇದು ಅಪಶಕುನದ ಪ್ರಶ್ನೆ ಎಂದು ಗುರಿಕಾರ ಎಣಿಸಿದ. "ಇಲ್ಲ ಅಮ್ಮಾ" ಎಂದ.

ಮುದುಕಿ ತಲೆಯಾಡಿಸಿದಳು. ಹಳೆಯ ಊರಿನಲ್ಲಿ ಹೂಡುತ್ತಿದ್ದಂತೆಯೇ ಪಡುವಣದ ಗಾಳಿಗೆ ಬೆನ್ನು ಮಾಡಿ ಒಲೆ ಹೂಡಿದಳು. ನಲವತ್ತು ಒಲೆಗಳೂ ಮೂಡಣಕ್ಕೆ ಬಾಯಿ ಮಾಡಿದವು. ತೋಡಿದ ಹೊಂಡವನ್ನು ಬಾವಿ ಮಾಡಿ, ಅದರ ಸುತ್ತ, ಬಯಲಿನ ಉದ್ದಕ್ಕೂ, ಮನೆಗಳೆದ್ದವು. ಮಳೆಗಾಲ ಬಂತು, ಗುಡ್ಡ ಗಾಳಿಯನ್ನು ತಡೆಯಿತು. ಒಂದು ಮನೆಯೂ ಹೋಗಲಿಲ್ಲ. ಗುರಿಕಾರನ ಕಣ್ಣು ಕಣ್ಣಲ್ಲ, ದುರ್ಬೀನು ಎಂದು ಜನ ಕೊಂಡಾಡಿದರು. ಹೊಗಳಿದಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು.

ಆ ಒಲೆಯವರು ಯಾಕೆ ಹೋದರು? ಇದೊಂದೇ ಅವನ ಚಿಂತೆ. ನೀರು ಕೆಟ್ಟಿತ್ತೇನೋ ಎಂದು ಪ್ರತಿ ಬೆಳಿಗ್ಗೆ ಬಾವಿಯ ನೀರನ್ನು ಎಲ್ಲರಿಗಿಂತ ಮೊದಲು ಕುಡಿಯುತ್ತಿದ್ದ. ರೋಗ ಬಂದಿತ್ತೇನೋ ಎಂದು ಯಾವ ಮನೆಯ ಮಗು ಕೆಮ್ಮಿದರೂ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಹಾವಿರಬಹುದೆಂದು ಪೊದೆಗಳನ್ನೆಲ್ಲ ಸವರಿಸಿದ. ಮೀನು ಒಂದು ವಾರ ಕಡಿಮೆಯಾದರೆ ಇದೇ ಕಾರಣವಿರಬೇಕು ಎಂದು ರಾತ್ರಿಯಿಡೀ ಎದ್ದು ಕೂರುತ್ತಿದ್ದ. ಜನ ಮೊದಮೊದಲು ನಕ್ಕರು. ಗುರಿಕಾರನಿಗೆ ಹೊಸ ನೀರು ಒಗ್ಗಲಿಲ್ಲ ಎಂದರು. ಆಮೇಲೆ ನಗುವುದನ್ನೂ ಬಿಟ್ಟರು, ಅವನನ್ನು ಕಂಡರೆ ಏನೋ ಬರಲಿದೆಯೆಂದು ತಾವೂ ಆಕಾಶ ನೋಡತೊಡಗಿದರು.

ಅವನ ಹೆಂಡತಿ ದಿನವೂ ಕೇಳುತ್ತಿದ್ದಳು: "ನಿಮ್ಗೆ ಎಂತ ಆಯ್ತು? ನನ್ ಹತ್ರ ಹೇಳ್ಲಿಕ್ಕೆ ಆಗುದಿಲ್ವಾ?"

"ಎಂತ ಆಗ್ಲಿಲ್ಲ" ಎನ್ನುತ್ತಿದ್ದ.

ಹೇಳಬೇಕೆಂದು ಅವನಿಗೆ ಎಷ್ಟೋ ಸಲ ಅನಿಸಿತ್ತು. ಮೊದಲ ವರ್ಷ ಹೇಳಿದರೆ ಜನ ಎದ್ದು ಹೋಗುತ್ತಾರೆ ಎಂದು ಸುಮ್ಮನಿದ್ದ. ಎರಡನೆಯ ವರ್ಷ, ಹೋದ ವರ್ಷವೇ ಏಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು ಸುಮ್ಮನಾದ. ಮೂರನೆಯ ವರ್ಷಕ್ಕೆ ಕಾರಣವೇ ಬೇಕಾಗಲಿಲ್ಲ.

ನಾಲ್ಕನೆಯ ವರ್ಷ ಮಳೆಗಾಲ ಮುಗಿದು, ದೀಪಾವಳಿಯೂ ಕಳೆದಿತ್ತು. ಕಡಲು ತಣ್ಣಗಿತ್ತು. ಒಂದು ದಿನ ಮಧ್ಯಾಹ್ನ ಮೂಡಣದಿಂದ ಗಾಳಿ ಎದ್ದಿತು. ಅಂಥ ಗಾಳಿಯನ್ನು ಆ ಊರಿನವರು ಎಂದೂ ಕಂಡಿರಲಿಲ್ಲ. ಹುಣ್ಣಿಮೆಯ ಏರುನೀರಿನ ಹೊತ್ತು. ಗಾಳಿ ನೀರನ್ನು ನೂಕಿಕೊಂಡು ಬಂದು ಬಯಲಿಗೆ ನುಗ್ಗಿಸಿತು. ಹಿಂದೆ ಗುಡ್ಡ ಅಡ್ಡವಿದ್ದುದರಿಂದ ನೀರು ಹರಿದು ಹೋಗಲು ದಾರಿಯಿರಲಿಲ್ಲ. ಮೂಡಣಕ್ಕೆ ಬಾಯಿ ತೆರೆದಿದ್ದ ಒಲೆಗಳಿಂದ ಕೆಂಡ ಎದ್ದು ಮನೆಗಳ ತೆಂಗಿನ ಗರಿಯ ಮಾಡಿಗೆ ಹಾರಿತು. ಮೇಲಿನಿಂದ ಬೆಂಕಿ, ಕೆಳಗಿನಿಂದ ನೀರು. ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಹತ್ತಿದವರು ಉಳಿದರು. ಬಲೆ ಬಿಚ್ಚಿ ತರಲು ಹೋದ ಇಬ್ಬರು ಬರಲಿಲ್ಲ. ಬಾವಿಯ ಹತ್ತಿರವಿದ್ದ ಗುರಿಕಾರನ ಹೆಂಡತಿಯೂ ಬರಲಿಲ್ಲ.

ಗಾಳಿ ಇಳಿದ ಮೇಲೆ ಜನರೆಲ್ಲ ಗುಡ್ಡದ ಆಚೆಯ ಆ ಸಮತಟ್ಟಿನಲ್ಲಿ ಕುಳಿತಿದ್ದರು. ಅಲ್ಲಿಗೆ ನೀರು ಏರಿರಲಿಲ್ಲ, ಗಾಳಿಯೂ ತಾಗಿರಲಿಲ್ಲ. ಗುರಿಕಾರ ಎಲ್ಲರ ನಡುವೆ ನಿಂತು ಅತ್ತುಬಿಟ್ಟ. "ಇಲ್ಲಿ ಒಂದು ಒಲೆ ಇದ್ದಿತ್ತು. ನಾನೇ ಕಡ್ಲಿಗೆ ಹಾಕಿದೆ" ಎಂದ.

ಜನ ಅವನ ಮೇಲೆ ಏರಿ ಹೋಗುವ ಮೊದಲೇ ಸೂಲಗಿತ್ತಿ ಕೇಳಿದಳು: "ಅದ್ರ ಬಾಯಿ ಯಾವ ಬದಿಗೆ ಇದ್ದಿತ್ತು?"

"ಕಡ್ಲಿನ ಬದಿಗೆ. ಪಡುವಣಕ್ಕೆ."

ಮುದುಕಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಪಡುವಣಕ್ಕೆ ಬಾಯಿ ಇಟ್ರೆ ಮಳೆಗಾಲ ಇಡೀ ಕಣ್ಣಿಗೆ ಹೊಗೆ. ಯಾವ ಹೆಂಗಸೂ ಸುಮ್ನೆ ಹಾಗೆ ಇಡುದಿಲ್ಲ" ಎಂದಳು. "ಬೆನ್ನಿನ ಬದಿಯಿಂದ, ಮೂಡಣದಿಂದ, ಅದಕ್ಕಿಂತ ದೊಡ್ಡ ಗಾಳಿ ಬರ್ತದೆ ಅಂತ ಗೊತ್ತಿದ್ದವಳು ಇಟ್ಟದ್ದು ಅದು. ಹೋಗುವಾಗ ಕಲ್ಲು ಕೀಳದೆ ಹೋದ್ಲಲ್ಲ, ಮುಂದೆ ಬಂದವ್ರಿಗೆ ಗೊತ್ತಾಗ್ಲಿ ಅಂತ. ಅವ್ಳು ಹೇಳಿದ್ದು ನಿಂಗಲ್ಲ ಮಗಾ. ನಂಗೆ ಹೇಳಿದ್ದು. ನಿನ್ ಹೆಂಡ್ತಿಗೆ ಹೇಳಿದ್ದು."

ಆ ಒಲೆಯವರು ಏಕೆ ಹೋದರೆಂದು ಯಾರಿಗೂ ಕಡೆಯವರೆಗೆ ತಿಳಿಯಲಿಲ್ಲ. ಮಗಳ ಬಾಣಂತನಕ್ಕೆ ಹೋದವರು ಅಲ್ಲೇ ಉಳಿದಿರಬಹುದು. ಮೀನಿನ ಸಾರು ತಿಂದು ಬೇಸರ ಬಂದಿರಬಹುದು. ನಾಲ್ಕು ವರ್ಷ ಗುರಿಕಾರನ ನಿದ್ದೆ ಕೆಡಿಸಿದ ಪ್ರಶ್ನೆ ಅದು. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ. ಅವರು ಅಲ್ಲಿ ಹೇಗೆ ಬದುಕಿದರು ಎಂಬುದು ಅವನ ಕಣ್ಣೆದುರೇ ಇತ್ತು. ಅವನು ಅದನ್ನು ಎತ್ತಿ ಎಸೆದಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ಮತ್ತೆ ಅಕ್ಕಿಯ ಕಡೆಗೆ ಬಾಗಿದರು. ಮುದ್ದಯ್ಯ ಕಾದ. ಅವರು ಮುಂದೆ ಹೇಳುವಂತೆ ಕಾಣಲಿಲ್ಲ.

"ಹಾಗಾದರೆ ಆ ದ್ವೀಪವನ್ನು ಆರಿಸಿದ್ದೇ ತಪ್ಪಲ್ಲವೇ, ಗುರುಗಳೇ?" ಎಂದು ಕೇಳಿದ.

"ದ್ವೀಪದಲ್ಲಿ ಏನೂ ತಪ್ಪಿರಲಿಲ್ಲ. ಆ ಜನ ಈಗಲೂ ಅಲ್ಲೇ ಇದ್ದಾರೆ. ಗುಡ್ಡದ ಆಚೆ ಮನೆ ಕಟ್ಟಿಕೊಂಡು, ಕಡಲಿನ ಕಡೆಗೆ ಒಲೆಯ ಬಾಯಿ ಮಾಡಿ, ಮಳೆಗಾಲವಿಡೀ ಕೆಮ್ಮುತ್ತಾ ಚೆನ್ನಾಗಿದ್ದಾರೆ. ಗುರಿಕಾರ ಮಾತ್ರ ಪ್ರತಿ ಇಳಿತದ ಹೊತ್ತಿಗೆ ಗುಡ್ಡದ ಬುಡದಲ್ಲಿ ಮುಳುಗಿ ಹುಡುಕುತ್ತಿದ್ದನಂತೆ. ಮೂರರಲ್ಲಿ ಎರಡು ಕಲ್ಲು ಸಿಕ್ಕಿದವಂತೆ."

ಮುದ್ದಯ್ಯ ನಮಸ್ಕಾರ ಮಾಡಿ ಏಳಲು ಹೊರಟ. ಅವನು ಹೊಸ್ತಿಲು ದಾಟುವ ಮೊದಲೇ ಗುರುಗಳು ಮೊರದಿಂದ ತಲೆಯೆತ್ತದೆ ಕೇಳಿದರು:

"ನೀನು ಆ ಗುಡ್ಡದ ಮೇಲಿಂದ ಏನನ್ನು ಎಸೆದು ಬಂದೆ, ಮುದ್ದಯ್ಯ?"